ನೀವು ಕೊಡದ ನಿಮ್ಮ ನಂಬರ್: ಪರಿಚಯದ ಸರಪಳಿ ಯಾರ ಕೈಯಲ್ಲಿದೆ?

2025ರ ನವೆಂಬರ್‌ನಲ್ಲಿ ಒಂದರ ಹಿಂದೆ ಒಂದು ಎರಡು ಸುದ್ದಿ ಬಂದವು. ಮೊದಲನೆಯದು ದೆಹಲಿಯಿಂದ. 2023ರಲ್ಲೇ ಪಾಸಾಗಿದ್ದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಕೇಂದ್ರ ಸರ್ಕಾರ ಕೊನೆಗೂ ನಿಯಮಗಳನ್ನು ಹೊರಡಿಸಿತು. ಕೆಲವೇ ದಿನಗಳಲ್ಲಿ ಎರಡನೆಯದು ಆಸ್ಟ್ರಿಯಾದಿಂದ ಬಂತು. ವಾಟ್ಸಾಪ್‌ನಲ್ಲಿರುವ ಸುಮಾರು 350 ಕೋಟಿ ನಂಬರ್‌ಗಳನ್ನು ಗುರುತಿಸಿದ್ದೇವೆ ಎಂದು ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಹೇಳಿದರು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಭಾರತದ ನಂಬರ್‌ಗಳು.

ಓದಿದವರಿಗೆ ಗೊಂದಲವಾಗಿದ್ದು ಸಹಜ. ವಾಟ್ಸಾಪ್ ಹ್ಯಾಕ್ ಆಯ್ತಾ? ನಮ್ಮ ಮೆಸೇಜ್‌ಗಳನ್ನು ಯಾರಾದರೂ ಓದಿದರಾ? ಎರಡೂ ಆಗಿರಲಿಲ್ಲ. ಹೊಸ ಫೋನಿಗೆ ವಾಟ್ಸಾಪ್ ಹಾಕಿದ ಕೂಡಲೇ ನಮ್ಮ ಪರಿಚಯದವರಲ್ಲಿ ಯಾರ್ಯಾರು ಅಲ್ಲಿದ್ದಾರೆ ಎಂದು ತಾನಾಗಿ ತೋರಿಸುತ್ತದಲ್ಲ, ಸಂಶೋಧಕರು ಬಳಸಿದ್ದು ಅದೇ ಸೌಲಭ್ಯವನ್ನು. ಕಂಪ್ಯೂಟರ್‌ನಿಂದ ನಂಬರ್‌ಗಳನ್ನು ಸೃಷ್ಟಿಸಿ, ‘ಈ ನಂಬರ್ ನಿಮ್ಮಲ್ಲಿದೆಯಾ?’ ಎಂದು ಒಂದೇ ಸಮನೆ ಕೇಳುತ್ತಾ ಹೋದರು. ಗಂಟೆಗೆ 10 ಕೋಟಿಗೂ ಹೆಚ್ಚು ಸಲ ಕೇಳಿದರೂ ಯಾರೂ ತಡೆಯಲಿಲ್ಲ. ಭಾರತದ ಮೊಬೈಲ್ ನಂಬರ್‌ಗೆ 10 ಅಂಕಿ, ಮೊದಲ ಅಂಕಿ 6ರಿಂದ 9ರೊಳಗೆ. ಅಂದರೆ ಒಟ್ಟು 400 ಕೋಟಿ ಸಾಧ್ಯತೆ ಅಷ್ಟೆ. ಆ ವೇಗದಲ್ಲಿ ಹೋದರೆ ಇಡೀ ದೇಶದ ನಂಬರ್‌ಗಳನ್ನು ಜಾಲಾಡಲು 40 ಗಂಟೆ ಸಾಕು.

ವಾಟ್ಸಾಪ್‌ನ ಒಡೆಯ ಮೆಟಾ ಕಂಪನಿ ಈ ದಾರಿಯನ್ನು ಈಗ ಬಿಗಿ ಮಾಡಿದೆ. ಮೆಸೇಜ್‌ಗಳು ಸುರಕ್ಷಿತವಾಗಿವೆ, ಯಾರೂ ಇದನ್ನು ದುರುಪಯೋಗ ಮಾಡಿದ ಕುರುಹು ಸಿಕ್ಕಿಲ್ಲ ಎಂದೂ ಹೇಳಿದೆ. ಸಂಶೋಧಕರು ತಾವು ಕಲೆಹಾಕಿದ್ದನ್ನು ಅಳಿಸಿದ್ದಾರೆ. ಇಲ್ಲಿಗೆ ಸುದ್ದಿ ಮುಗಿಯಿತು ಎನ್ನಬಹುದಿತ್ತು.

ಆದರೆ ಜನರನ್ನು ಕಾಡುವ ಇನ್ನೊಂದು ಪ್ರಶ್ನೆ ಹಾಗೇ ಉಳಿದಿದೆ. ಹತ್ತು ವರ್ಷದ ಹಿಂದೆ ಬಾಡಿಗೆಗಿದ್ದ ಮನೆಯ ಓನರ್ ‘ನಿಮಗೆ ಗೊತ್ತಿರಬಹುದಾದವರು’ ಪಟ್ಟಿಯಲ್ಲಿ ಹೇಗೆ ಬಂದರು? ನಾನು ಹಾಕಿಕೊಳ್ಳದ ಆ್ಯಪ್‌ನವರಿಗೆ ನನ್ನ ನಂಬರ್ ಹೇಗೆ ಸಿಕ್ಕಿತು? ಇದಕ್ಕೆ ಉತ್ತರ ಇರುವುದು ನಮ್ಮ ಫೋನಿನಲ್ಲಲ್ಲ, ನಮ್ಮನ್ನು ಬಲ್ಲವರ ಫೋನಿನಲ್ಲಿ. ಪರಿಚಯ ಯಾವತ್ತೂ ಇಬ್ಬರಿಗೆ ಸೇರಿದ್ದು. ಅದನ್ನು ಆ್ಯಪ್‌ಗೆ ಕೊಡುವಾಗ ಮಾತ್ರ ಒಬ್ಬರ ಒಪ್ಪಿಗೆ ಕೇಳಿ ಕೈತೊಳೆದುಕೊಳ್ಳುತ್ತಾರೆ. ಇದು ಎಷ್ಟು ದೊಡ್ಡ ವಿಷಯ ಎಂದು ತಿಳಿಯಬೇಕಾದರೆ ಮನುಷ್ಯರ ನಡುವಿನ ಸರಪಳಿ ಎಷ್ಟು ಉದ್ದ ಎಂಬ ಹಳೆಯ ಪ್ರಶ್ನೆಯಿಂದ ಶುರುಮಾಡಬೇಕು.

ಬಾಸ್ಟನ್‌ಗೆ ಹೊರಟ 296 ಲಕೋಟೆಗಳು

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರು ಅಪರಿಚಿತರು ಏನು ಮಾತಾಡುತ್ತಾರೆ? ‘ಯಾವೂರಾಯ್ತು?’ ‘ತಿಪಟೂರು ಹತ್ರ.’ ‘ತಿಪಟೂರಲ್ಲಿ ಎಲ್ಲಿ?’ ‘ಏನ್ ಕೆಲ್ಸ ನಿಮ್ದು?’ ‘ಮೇಷ್ಟ್ರಾ? ಹಾಗಾದ್ರೆ ನಮ್ಮ ಭಾವಮೈದನ ಗೊತ್ತಿರ್ಬೇಕಲ್ಲ, ಹೈಸ್ಕೂಲಲ್ಲಿದಾನೆ.’ ನಾಲ್ಕೈದು ಪ್ರಶ್ನೆಯೊಳಗೆ ಇಬ್ಬರಿಗೂ ಬೇಕಾದ ಒಬ್ಬರು ಸಿಕ್ಕಿಬಿಡುತ್ತಾರೆ. ಇಲ್ಲಿ ಕೇಳಿದ್ದು ಮುಖ್ಯವಾಗಿ ಎರಡೇ ವಿಷಯ, ಊರು ಮತ್ತು ಕೆಲಸ.

1960ರ ದಶಕದಲ್ಲಿ ಅಮೆರಿಕದ ಸಮಾಜ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಪರೀಕ್ಷೆ ಮಾಡಿ ನೋಡಿದ್ದೂ ಹೆಚ್ಚುಕಡಿಮೆ ಇದನ್ನೇ. ಜೆಫ್ರಿ ಟ್ರಾವರ್ಸ್ ಜೊತೆ ಸೇರಿ 1969ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೆಬ್ರಾಸ್ಕ ಮತ್ತು ಬಾಸ್ಟನ್‌ನ 296 ಜನರಿಗೆ ಒಂದೊಂದು ಲಕೋಟೆ ಕೊಟ್ಟರು. ಅದು ತಲುಪಬೇಕಾದದ್ದು ಬಾಸ್ಟನ್‌ನಲ್ಲಿ ಕೆಲಸ ಮಾಡುವ, ಶಾರನ್ ಎಂಬ ಊರಿನಲ್ಲಿ ವಾಸಿಸುವ ಒಬ್ಬ ಷೇರು ದಲ್ಲಾಳಿಗೆ. ನೇರ ಅಂಚೆಗೆ ಹಾಕುವಂತಿಲ್ಲ. ಆ ವ್ಯಕ್ತಿಯನ್ನು ಬಲ್ಲವನಾಗಿರಬಹುದು ಎನಿಸುವ, ತನಗೆ ಹೆಸರು ಹಿಡಿದು ಮಾತಾಡಿಸುವಷ್ಟು ಗುರುತಿರುವ ಒಬ್ಬರಿಗೆ ದಾಟಿಸಬೇಕು. ಅವರು ಮುಂದಿನವರಿಗೆ ದಾಟಿಸಬೇಕು.

64 ಲಕೋಟೆಗಳು ತಲುಪಿದವು. ತಲುಪಿದವುಗಳಲ್ಲಿ ನಡುವೆ ಇದ್ದವರು ಸರಾಸರಿ 5.2 ಜನ. ‘ಪ್ರಪಂಚದ ಯಾರಿಗೂ ಯಾರಿಗೂ ಆರೇ ಹೆಜ್ಜೆ’ ಎಂಬ ಮಾತಿಗೆ ಆಧಾರ ಇದು.

ಈ ಮಾತು ಎಷ್ಟು ಜನಪ್ರಿಯ ಆಯಿತೆಂದರೆ, ಉಳಿದ 232 ಲಕೋಟೆಗಳು ತಲುಪಲೇ ಇಲ್ಲ ಎಂಬುದು ಎಲ್ಲರಿಗೂ ಮರೆತುಹೋಯಿತು. ಇದಕ್ಕೂ ಮೊದಲು ಕ್ಯಾನ್ಸಸ್‌ನಿಂದ ಹೊರಟ ಮೊದಲ ಪ್ರಯೋಗದ ಕಡತಗಳನ್ನು ಜೂಡಿತ್ ಕ್ಲೈನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞೆ ಹುಡುಕಿ ತೆಗೆದು 2002ರಲ್ಲಿ ಬರೆದರು: ಹೊರಟದ್ದು 60, ಸೇರಿದ್ದು 3. ಅವರ ಆಕ್ಷೇಪದಲ್ಲಿ ಹುರುಳಿದೆ. ತಲುಪಿದ ಸರಪಳಿ ಚಿಕ್ಕದು ಎಂದಮಾತ್ರಕ್ಕೆ ಎಲ್ಲ ಸರಪಳಿಯೂ ತಲುಪುತ್ತದೆ ಎಂದಾಗುವುದಿಲ್ಲ.

ಇನ್ನೊಂದು ಸಂಗತಿಯೂ ಆ ಲಕೋಟೆಗಳಲ್ಲಿತ್ತು. ದಲ್ಲಾಳಿಯ ಕೈಸೇರಿದ 64ರಲ್ಲಿ 16 ಬಂದದ್ದು ಶಾರನ್‌ನ ಒಬ್ಬನೇ ಬಟ್ಟೆ ವ್ಯಾಪಾರಿಯ ಮೂಲಕ. ಅರ್ಧದಷ್ಟು ಲಕೋಟೆಗಳು ಕೊನೆಗೆ ಮೂರೇ ಜನರ ಕೈದಾಟಿ ಬಂದಿದ್ದವು. ನಮ್ಮೂರುಗಳಲ್ಲಿ ಇದು ಹೊಸ ವಿಷಯವೇನಲ್ಲ. ಹೊರಗಿನವರು ಬಂದರೆ ದಿನಸಿ ಅಂಗಡಿಯವರನ್ನೋ ಪೋಸ್ಟ್‌ಮ್ಯಾನ್‌ನನ್ನೋ ಕೇಳುತ್ತಾರೆ. ಎಲ್ಲ ಪರಿಚಯಗಳೂ ಒಂದೇ ತೂಕದವಲ್ಲ. ಕೆಲವರ ಮೂಲಕ ಇಡೀ ಊರು ಹಾದುಹೋಗುತ್ತದೆ.

ದೂರ ಇಷ್ಟು ಕಡಿಮೆ ಯಾಕೆ

ಸುಮ್ನೆ ಲೆಕ್ಕ ಹಾಕಿ ನೋಡಿ. ಒಬ್ಬರಿಗೆ 100 ಜನರ ಗುರುತು ಪರಿಚಯ ಇದೆ ಎಂದುಕೊಳ್ಳೋಣ. ಆ ನೂರು ಜನರಿಗೆ ತಲಾ ನೂರು ಎಂದರೆ 10,000. ಮೂರನೇ ಹೆಜ್ಜೆಗೆ 10 ಲಕ್ಷ. ನಾಲ್ಕನೆಯದಕ್ಕೆ 10 ಕೋಟಿ, ಅಂದರೆ 2011ರ ಜನಗಣತಿಯ ಕರ್ನಾಟಕಕ್ಕಿಂತ ಜಾಸ್ತಿ. ಐದನೆಯದಕ್ಕೆ 1,000 ಕೋಟಿ, ಇಡೀ ಭೂಮಿಯ ಜನಸಂಖ್ಯೆಯನ್ನೇ ಮೀರುತ್ತದೆ.

ಈ ಲೆಕ್ಕದಲ್ಲಿ ಒಂದು ತಪ್ಪಿದೆ. ನನ್ನ ಗೆಳೆಯರು ಪರಸ್ಪರ ಗೆಳೆಯರೇ ಆಗಿರುತ್ತಾರೆ. ಕೊಪ್ಪಳದ ಒಂದು ಹಳ್ಳಿಯಲ್ಲಿ ನೂರು ಮನೆ ಇದ್ದರೆ ಪ್ರತಿಯೊಬ್ಬರ ನೂರು ಪರಿಚಯವೂ ಅದೇ ನೂರು ಮನೆಯೊಳಗೇ ಸುತ್ತುತ್ತಿರುತ್ತದೆ. ಹಾಗಾದರೆ ಸರಪಳಿ ಊರ ಗಡಿ ದಾಟುವುದು ಹೇಗೆ?

1998ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೋಗಾಟ್ಸ್ ಇದಕ್ಕೆ ಗಣಿತದ ಉತ್ತರ ಕೊಟ್ಟರು. ಎಲ್ಲರೂ ಅಕ್ಕಪಕ್ಕದವರನ್ನೇ ಬಲ್ಲ ಒಂದು ಜಾಲವನ್ನು ತೆಗೆದುಕೊಂಡು, ಅಲ್ಲೊಂದು ಇಲ್ಲೊಂದು ಕೊಂಡಿಯನ್ನು ಬಿಡಿಸಿ ದೂರದ ಯಾರಿಗೋ ಜೋಡಿಸಿದರು. ಬೆರಳೆಣಿಕೆಯಷ್ಟು ಕೊಂಡಿ ಬದಲಾದರೂ ಸಾಕು, ಇಡೀ ಜಾಲದಲ್ಲಿ ಸರಾಸರಿ ದೂರ ಧಡಕ್ಕನೆ ಇಳಿಯಿತು. ಅಕ್ಕಪಕ್ಕದವರ ಒಡನಾಟ ಮಾತ್ರ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಅಂದರೆ ಆ ಕೊಪ್ಪಳದ ಹಳ್ಳಿಯಿಂದ ಒಬ್ಬಳು ಹುಡುಗಿ ನರ್ಸ್ ಆಗಿ ದುಬೈಗೆ ಹೋದರೆ ಸಾಕು. ಹಳ್ಳಿಯ ನೂರು ಮನೆಗೂ ದುಬೈ ಎರಡು ಹೆಜ್ಜೆಯಲ್ಲಿ ಬರುತ್ತದೆ. ಹಳ್ಳಿಯವರಿಗೆ ತಮ್ಮ ದಿನನಿತ್ಯದ ಬದುಕಿನಲ್ಲಿ ಏನೂ ಬದಲಾದಂತೆ ಅನಿಸುವುದಿಲ್ಲ. ಸರಪಳಿಯ ಬಲ ಇರುವುದೂ ಇದರಲ್ಲೇ, ಅಪಾಯ ಇರುವುದೂ ಇದರಲ್ಲೇ.

ಸರಪಳಿ ಇದೆ, ಆದರೆ ಎಲ್ಲರಿಗೂ ನಡೆಯುವುದಿಲ್ಲ

ಮಿಲ್‌ಗ್ರಾಂ 1970ರಲ್ಲಿ ಚಾರ್ಲ್ಸ್ ಕೋರ್ಟೆ ಜೊತೆ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಮೊದಲನೆಯದರಷ್ಟು ಇದರ ಹೆಸರು ಕೇಳಿಬರುವುದಿಲ್ಲ. ನನ್ನ ಪ್ರಕಾರ ಇದೇ ಹೆಚ್ಚು ಮುಖ್ಯವಾದದ್ದು. ಲಾಸ್ ಏಂಜಲಿಸ್‌ನ ಬಿಳಿಯರು ಲಕೋಟೆಗಳನ್ನು ನ್ಯೂಯಾರ್ಕ್‌ನ ಕೆಲವು ಬಿಳಿಯರಿಗೂ ಕೆಲವು ಕಪ್ಪು ಜನರಿಗೂ ತಲುಪಿಸಬೇಕಿತ್ತು. ಬಿಳಿಯರಿಗೆ ಶೇ 33ರಷ್ಟು ತಲುಪಿದವು, ಕಪ್ಪು ಜನರಿಗೆ ಶೇ 13 ಮಾತ್ರ. ತಲುಪಿದ ಸರಪಳಿಗಳ ಉದ್ದ ಮಾತ್ರ ಎರಡೂ ಕಡೆ ಹತ್ತಿರ ಹತ್ತಿರ ಒಂದೇ.

ದೂರ ಅಷ್ಟೇ ಇತ್ತು, ಆದರೆ ನಡುವಿನವರು ದಾಟಿಸಲಿಲ್ಲ. ಜಾತಿ ನೋಡಿ ಮನೆ ಬಾಡಿಗೆಗೆ ಕೊಡುವ, ‘ನಮ್ಮವರು’ ಎಂದರೆ ಒಂದು ಫೋನ್ ಜಾಸ್ತಿ ಮಾಡುವ ಸಮಾಜದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಲಕೋಟೆಯ ಬದಲು ಇಮೇಲ್ ಬಳಸಿ ಮಾಡಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಆಯಿತು. 13 ದೇಶಗಳ 18 ಜನರನ್ನು ತಲುಪಬೇಕಿತ್ತು. ಅವರಲ್ಲಿ ಭಾರತದ ಒಬ್ಬ ತಂತ್ರಜ್ಞಾನ ಸಲಹೆಗಾರರೂ ಇದ್ದರು. ಹೊರಟ ಸರಪಳಿಗಳು 24,163, ಮುಟ್ಟಿದ್ದು 384. ಮುಂದಕ್ಕೆ ಯಾಕೆ ಕಳಿಸಲಿಲ್ಲ ಎಂದು ವಿಚಾರಿಸಿದಾಗ, ಯಾರಿಗೆ ಕಳಿಸಬೇಕೋ ಹೊಳೆಯಲಿಲ್ಲ ಎಂದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಬಹುಪಾಲು ಜನ ಆಸಕ್ತಿ ಇಲ್ಲದೆ ಕೈಬಿಟ್ಟಿದ್ದರು.

ಕೆಲಸ ಹುಡುಕುವವರಿಗೆ ಇದರ ಬಿಸಿ ಚೆನ್ನಾಗಿ ತಟ್ಟುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ದಶಕದಲ್ಲಿ ತೋರಿಸಿದ ಹಾಗೆ, ಕೆಲಸದ ಸುದ್ದಿ ತರುವವರು ಆಪ್ತ ಗೆಳೆಯರಲ್ಲ, ಅಪರೂಪಕ್ಕೆ ಸಿಗುವ ಪರಿಚಯದವರು. ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ, ದೂರದವರಿಗೆ ಬೇರೆ ಲೋಕ ಗೊತ್ತಿರುತ್ತದೆ. ಉದ್ಯೋಗಿಗಳ ಜಾಲತಾಣ ಲಿಂಕ್ಡ್‌ಇನ್‌ನ 2 ಕೋಟಿ ಜನರ ಮೇಲೆ ಐದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಸ್ವಲ್ಪ ತಿದ್ದುಪಡಿಯೊಂದಿಗೆ ಇದನ್ನೇ ಒಪ್ಪಿತು: ತೀರಾ ದೂರದವರೂ ಅಲ್ಲ, ತೀರಾ ಹತ್ತಿರದವರೂ ಅಲ್ಲ, ನಡುವಿನವರಿಂದ ಹೆಚ್ಚು ಉಪಯೋಗ. ಬೆಂಗಳೂರಿನ ಕಂಪನಿಗಳಲ್ಲಿ ರೆಫರಲ್ ಮೂಲಕ ಒಳಗೆ ಹೋಗುವವನಿಗೆ ಆ ನಡುವಿನವರು ಕಾಲೇಜಿನಲ್ಲೇ ಸಿಕ್ಕಿರುತ್ತಾರೆ. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದಿದವನಿಗೆ ಸಿಕ್ಕಿರುವುದಿಲ್ಲ.

ಇಲ್ಲಿಯವರೆಗಿನ ಎಲ್ಲ ಪ್ರಯೋಗಗಳಲ್ಲೂ ಒಂದು ಮಾತು ಸಮಾನ. ಸರಪಳಿಯೊಳಗೆ ನಿಂತ ಮನುಷ್ಯನಿಗೆ ಕಾಣುವುದು ತನ್ನ ಪಕ್ಕದ ಕೊಂಡಿ ಮಾತ್ರ. ದಾಟಿಸುವುದೂ ಬಿಡುವುದೂ ಅವನ ಇಷ್ಟ. ಈ ಎರಡು ತಡೆಗಳಿಂದಾಗಿಯೇ ನಮ್ಮ ಪರಿಚಯಗಳು ಇಷ್ಟು ಕಾಲ ತಕ್ಕಮಟ್ಟಿಗೆ ನಮ್ಮ ಹತೋಟಿಯಲ್ಲಿದ್ದವು. ಫೋನ್ ಬಂದ ಮೇಲೆ ಎರಡೂ ಹೋದವು.

ಮೇಲಿನಿಂದ ನೋಡುವವರು

2011ರಲ್ಲಿ ಫೇಸ್‌ಬುಕ್ ಮತ್ತು ಮಿಲಾನ್ ವಿಶ್ವವಿದ್ಯಾಲಯ ಸೇರಿ 72.1 ಕೋಟಿ ಬಳಕೆದಾರರ ನಡುವಿನ ದೂರ ಅಳೆದರು. ಯಾವುದೇ ಇಬ್ಬರ ನಡುವೆ ಸರಾಸರಿ 3.74 ಜನ. 2016ರಲ್ಲಿ 159 ಕೋಟಿ ಬಳಕೆದಾರರನ್ನು ಇಟ್ಟುಕೊಂಡು ಕಂಪನಿಯೇ ಅಳೆದಾಗ ಅದು 3.57ಕ್ಕೆ ಇಳಿದಿತ್ತು. ಪತ್ರಿಕೆಗಳು ‘ಜಗತ್ತು ಇನ್ನೂ ಚಿಕ್ಕದಾಯಿತು’ ಎಂದು ಬರೆದವು. ಬರೆಯಬೇಕಾದ ಸುದ್ದಿ ಇನ್ನೊಂದಿತ್ತು. ಮಿಲ್‌ಗ್ರಾಂ ಲಕೋಟೆಗಾಗಿ ಕಾದು ಕೂರಬೇಕಾಗಿತ್ತು. ಈ ಕಂಪನಿಗೆ ಯಾರನ್ನೂ ಕೇಳುವ ಅಗತ್ಯ ಇರಲಿಲ್ಲ. ಇಡೀ ನಕ್ಷೆ ಅದರ ಬಳಿಯೇ ಇತ್ತು.

ಇಂಥ ನಕ್ಷೆಗೆ ಬಣ್ಣ ತುಂಬುವುದು ಫೋನಿನ ಕಾಂಟ್ಯಾಕ್ಟ್ ಪಟ್ಟಿ. ಯಾರದಾದರೂ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ ನೋಡಿ. ‘ಅಕ್ಕ ದಾವಣಗೆರೆ’, ‘ಗ್ಯಾಸ್ ಮಂಜು’, ‘ಚೀಟಿ ಸರೋಜಮ್ಮ’, ‘ಓನರ್ ಅಂಕಲ್ ಹಳೇದು’, ‘ಡಯಾಲಿಸಿಸ್ ಸಿಸ್ಟರ್’, ‘ಲಾಯರ್ ಸೈಟ್ ಕೇಸ್’. ಬರೀ ನಂಬರ್ ಅಲ್ಲ ಇದು. ಯಾರ ಮನೆಯಲ್ಲಿ ಕಾಯಿಲೆ ಇದೆ, ಯಾರು ಕೋರ್ಟು ಕಚೇರಿ ಅಲೆಯುತ್ತಿದ್ದಾರೆ, ದುಡ್ಡು ಎಲ್ಲಿಂದ ಓಡಾಡುತ್ತಿದೆ ಎಲ್ಲವೂ ಇದರಲ್ಲಿದೆ. ಆ್ಯಪ್ ‘ಕಾಂಟ್ಯಾಕ್ಟ್‌ಗಳನ್ನು ನೋಡಲು ಅನುಮತಿಸುವಿರಾ?’ ಎಂದು ಕೇಳಿದಾಗ ನಾವು ‘ಅನುಮತಿಸಿ’ ಒತ್ತುತ್ತೇವೆ. ಆ ಕ್ಷಣಕ್ಕೆ ಸರೋಜಮ್ಮನ ನಂಬರ್ ಕೊಟ್ಟವರು ಸರೋಜಮ್ಮ ಅಲ್ಲ, ನಾವು.

ಇದೇ ಸರೋಜಮ್ಮನ ನಂಬರ್ ಇನ್ನೂ ಮೂವತ್ತು ಜನರ ಫೋನಿನಲ್ಲಿರುತ್ತದೆ. ಆ ಮೂವತ್ತು ಪಟ್ಟಿಗಳನ್ನು ಒಟ್ಟಿಗೆ ಇಟ್ಟರೆ, ಆಕೆ ಯಾವ ಆ್ಯಪ್ ಹಾಕಿಕೊಳ್ಳದಿದ್ದರೂ ಆಕೆಯ ಊರು, ಬಳಗ, ಕಸುಬು ಎಲ್ಲ ತಿಳಿಯುತ್ತದೆ. ಇದು ಬರೀ ಊಹೆಯ ಮಾತಲ್ಲ. 2013ರ ಜೂನ್‌ನಲ್ಲಿ ಫೇಸ್‌ಬುಕ್‌ನ ಒಂದು ದೋಷ ಬಯಲಾಯಿತು. ತಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡಿಕೊಂಡವರಿಗೆ ಬೇರೆಯವರ ಫೋನ್ ನಂಬರ್, ಇಮೇಲ್ ವಿಳಾಸಗಳೂ ಬಂದಿದ್ದವು. ಅವನ್ನು ಕಂಪನಿಗೆ ಕೊಟ್ಟಿದ್ದು ಆ ನಂಬರಿನವರಲ್ಲ, ಅವರ ಪರಿಚಯದವರು ಏರಿಸಿದ ಪಟ್ಟಿಗಳು. ಸುಮಾರು 60 ಲಕ್ಷ ಜನರ ವಿವರ ಹೀಗೆ ಹೊರಬಿತ್ತು.

ಒಂದು ಆ್ಯಪ್ ಮೂಲಕ ಫೇಸ್‌ಬುಕ್ ಬಳಕೆದಾರರ ಮಾಹಿತಿ ರಾಜಕೀಯ ಪ್ರಚಾರದ ಕಂಪನಿಯೊಂದರ ಕೈಸೇರಿದ ಕೇಂಬ್ರಿಡ್ಜ್ ಅನಲಿಟಿಕಾ ಹಗರಣದಲ್ಲಿ ಭಾರತದ ಲೆಕ್ಕ ಇನ್ನೂ ಸ್ಪಷ್ಟ. 2018ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಕೊಟ್ಟ ಅಂಕಿಯ ಪ್ರಕಾರ, ಆ ಆ್ಯಪ್ ಹಾಕಿಕೊಂಡ ಭಾರತೀಯರು 335 ಜನ. ಮಾಹಿತಿ ಹೋಗಿರಬಹುದಾದ ಭಾರತೀಯರು 5,62,455. ಅಂದರೆ 335 ಜನರನ್ನು ಬಿಟ್ಟು ಉಳಿದ 5,62,120 ಜನ ಏನೂ ಒತ್ತಿರಲಿಲ್ಲ. ಇಲ್ಲಿಯೋ ಹೊರದೇಶದಲ್ಲೋ ಇದ್ದ ಅವರ ಫೇಸ್‌ಬುಕ್ ಗೆಳೆಯ ಒಬ್ಬ ಒತ್ತಿದ್ದ, ಅಷ್ಟೆ.

ಸಾಲ ಒಬ್ಬರದು, ಮರ್ಯಾದೆ ಎಲ್ಲರದು

ಈ ವಿಷಯ ದೂರದ ಕಂಪನಿಗಳ ಕಥೆ ಎನಿಸುವವರು ಸಾಲದ ಆ್ಯಪ್‌ಗಳ ಹಾವಳಿಯನ್ನು ನೆನೆಯಬೇಕು. ತಿಂಗಳ ಕೊನೆಗೆ ಐದು ಸಾವಿರ ಬೇಕಾಗಿದೆ. ಆ್ಯಪ್ ಹತ್ತು ನಿಮಿಷದಲ್ಲಿ ಕೊಡುತ್ತದೆ. ಅಡಮಾನ ಇಲ್ಲ, ಜಾಮೀನು ಇಲ್ಲ. ಕಾಂಟ್ಯಾಕ್ಟ್ ಅನುಮತಿ ಮಾತ್ರ ಬೇಕು. ಅಸಲಿಗೆ ಅಡಮಾನ ಅದೇ. ಕಂತು ತಪ್ಪಿದ ದಿನದಿಂದ ವಸೂಲಿಯವರು ಸಾಲ ಪಡೆದವರಿಗಲ್ಲ, ಅವರ ಪಟ್ಟಿಯಲ್ಲಿರುವವರಿಗೆ ಫೋನ್ ಹಚ್ಚುತ್ತಾರೆ. ಬೀಗರಿಗೆ, ಮ್ಯಾನೇಜರ್‌ಗೆ, ಮಗುವಿನ ಟೀಚರ್‌ಗೆ. ‘ಇವರು ಕಳ್ಳರು’ ಎಂಬ ಮೆಸೇಜ್ ಜೊತೆಗೆ ತಿರುಚಿದ ಫೋಟೊ ಹೋಗುತ್ತದೆ. ಹೀಗೆ ಕಾಟ ತಾಳಲಾರದೆ ಜೀವ ಕಳೆದುಕೊಂಡವರ ಸುದ್ದಿ ದೇಶದ ಹಲವು ಕಡೆಗಳಿಂದ ಬಂದಿದೆ.

ಸರ್ಕಾರಿ ಸಂಸ್ಥೆಗಳು ಸುಮ್ಮನೆ ಕೂತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಫೋಟೊಗಳನ್ನು ಮುಟ್ಟಬಾರದು ಎಂದು ಹೇಳಿತು. 2023ರಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರ್‌ನಲ್ಲೂ ಇದೇ ನಿಯಮ ತಂದಿತು. 2025ರ ಜುಲೈನಿಂದ ರಿಸರ್ವ್ ಬ್ಯಾಂಕ್ ವೆಬ್‌ಸೈಟ್‌ನಲ್ಲಿ, ತನ್ನ ಅಧೀನದ ಸಂಸ್ಥೆಗಳ ಸಾಲದ ಆ್ಯಪ್‌ಗಳ ಪಟ್ಟಿ ಸಿಗುತ್ತದೆ. ಕರ್ನಾಟಕ 2025ರ ಫೆಬ್ರವರಿಯಲ್ಲಿ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಅದು ರಕ್ಷಣೆ ಕೊಡುವುದು ಸಾಲಗಾರರಿಗೆ ಮತ್ತು ಅವರ ಮನೆಯವರಿಗೆ. ಪಟ್ಟಿಯಲ್ಲಿರುವ ಗ್ಯಾಸ್ ಮಂಜು ಮನೆಯವನಲ್ಲ.

ನೋಂದಣಿಯೇ ಇಲ್ಲದ ಆ್ಯಪ್‌ಗಳು ಪ್ಲೇ ಸ್ಟೋರ್ ಬಿಟ್ಟು ಮೆಸೇಜಿನ ಲಿಂಕ್ ಮೂಲಕ ಫೋನಿಗೆ ಇಳಿಯುತ್ತವೆ. ಅವಕ್ಕೆ ಈ ಯಾವ ನಿಯಮವೂ ಲೆಕ್ಕಕ್ಕಿಲ್ಲ.

ಕಾಯುವ ಸರಪಳಿ, ಕೊಲ್ಲುವ ಸರಪಳಿ

ಸರಪಳಿಯನ್ನು ಹಿಡಿದು ಹೋಗುವುದೇ ತಪ್ಪು ಎನ್ನುವಂತಿಲ್ಲ. 2020ರಲ್ಲಿ ಕೊರೊನಾ ಬಂದಾಗ ಆರೋಗ್ಯ ಇಲಾಖೆಯವರು ಮಾಡಿದ್ದೂ ಅದನ್ನೇ. ಪ್ರಾಥಮಿಕ ಸಂಪರ್ಕ, ದ್ವಿತೀಯ ಸಂಪರ್ಕ ಎಂಬ ಮಾತುಗಳು ಆಗ ಮನೆಮನೆಯಲ್ಲೂ ಬಳಕೆಗೆ ಬಂದವು. ಕರ್ನಾಟಕ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಹೆಸರು ಪಡೆಯಿತು. ಆದರೆ ಅದೇ ಮಾರ್ಚ್‌ನಲ್ಲಿ ಮನೆಯಲ್ಲಿ ಕ್ವಾರಂಟೈನ್ ಆಗಿದ್ದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಹೊರಗೆ ಬಿಟ್ಟಿತು. ಸೋಂಕು ತಡೆಯಲೆಂದು ಕಲೆಹಾಕಿದ ವಿವರ ನೆರೆಹೊರೆಯವರ ಕಣ್ಣಿಗೆ ಗುರಿಯಾಯಿತು. ಉದ್ದೇಶ ಒಳ್ಳೆಯದಿದ್ದರೂ ಪಟ್ಟಿಗೆ ಕಾವಲು ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ವದಂತಿಯ ದಾರಿಯೂ ಇದೇ. 2012ರ ಆಗಸ್ಟ್‌ನಲ್ಲಿ ಅಸ್ಸಾಂ ಹಿಂಸಾಚಾರದ ಬೆನ್ನಿಗೆ, ಬೆಂಗಳೂರಿನಲ್ಲಿದ್ದ ಈಶಾನ್ಯದವರಿಗೆ ಬೆದರಿಕೆಯ ಮೆಸೇಜ್‌ಗಳು ಹರಿದಾಡಿದವು. ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಅವರು ನಂಬಿದ್ದಕ್ಕೆ ಕಾರಣ ಇತ್ತು. ಮೆಸೇಜ್ ಬಂದದ್ದು ಅಪರಿಚಿತರಿಂದಲ್ಲ, ತಮ್ಮೂರಿನ ಗೆಳೆಯನಿಂದ. ಸರ್ಕಾರ ಆಗ ಸಗಟು ಎಸ್ಎಂಎಸ್ ಅನ್ನು 15 ದಿನಗಳ ಮಟ್ಟಿಗೆ ತಡೆದು, ಒಮ್ಮೆಗೆ ಐದೇ ಜನಕ್ಕೆ ಎಂದು ಮಿತಿ ಹಾಕಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದ್‌ನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರು ಗುಂಪಿನ ಹೊಡೆತಕ್ಕೆ ಸತ್ತರು. ಕಾರು ತಲುಪುವ ಮೊದಲೇ ಮುಂದಿನ ಊರಿಗೆ ಮೆಸೇಜ್ ತಲುಪಿತ್ತು.

ಅದಾದ ಮರುವಾರವೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸುವುದಾಗಿ ಹೇಳಿತು. 2020ರ ಏಪ್ರಿಲ್‌ನಲ್ಲಿ ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಎಂದು ಮಾಡಿತು. ಅಂಥ ಮೆಸೇಜ್‌ಗಳ ಓಡಾಟ ಶೇ 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿದೆ. ಐದು ಬೆರಳಿನ ಲೆಕ್ಕ ಒಂದಕ್ಕೆ ಇಳಿದರೆ ಹೀಗಾಗಲೇಬೇಕು. ಐದರಂತೆ ಹರಡಿದರೆ ಆರನೇ ಹೆಜ್ಜೆಗೆ 15,625 ಜನ, ಒಂದರಂತೆ ಆದರೆ ಒಬ್ಬರೇ. ಸರಪಳಿಯ ಹರಿವನ್ನು ವಿನ್ಯಾಸದಿಂದಲೇ ನಿಧಾನ ಮಾಡಬಹುದು ಎಂಬುದು ಇದರಿಂದ ಗೊತ್ತಾಯಿತು.

ಯಾರ ವಾದ ಏನು

ಕಂಪನಿಗಳು ಹೇಳುವುದು: ಪಟ್ಟಿ ನೋಡದೆ ಪರಿಚಯದವರನ್ನು ತೋರಿಸುವುದು ಸಾಧ್ಯವಿಲ್ಲ. ಬಳಕೆದಾರರೇ ಒಪ್ಪಿಗೆ ಕೊಟ್ಟಿದ್ದಾರೆ. ಆ್ಯಪ್‌ನಲ್ಲಿ ಇಲ್ಲದವರ ನಂಬರ್‌ಗಳನ್ನು ಗುರುತು ಸಿಗದ ಸಂಕೇತವಾಗಿ ಬದಲಿಸಿ ಇಡುತ್ತೇವೆ.

ಮೊದಲ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಒಂದೊಂದೇ ನಂಬರ್ ಒತ್ತಿ ಹುಡುಕಬೇಕಾಗಿದ್ದರೆ ವಾಟ್ಸಾಪ್ ಈ ಪರಿ ಹಳ್ಳಿಹಳ್ಳಿಗೆ ಮುಟ್ಟುತ್ತಿರಲಿಲ್ಲ. ಸಂಕೇತದ ಮಾತು ಮಾತ್ರ ಗಟ್ಟಿಯಲ್ಲ. ಸಾಧ್ಯವಿರುವ ನಂಬರ್‌ಗಳೇ 400 ಕೋಟಿ ಇರುವಾಗ, ಎಲ್ಲದರ ಸಂಕೇತ ಲೆಕ್ಕಹಾಕಿ ಹೋಲಿಸುವುದು ಕಂಪ್ಯೂಟರ್‌ಗೆ ಕಷ್ಟವಲ್ಲ. 2021ರಲ್ಲಿ ಐರ್ಲೆಂಡ್‌ನ ದತ್ತಾಂಶ ಆಯೋಗ ವಾಟ್ಸಾಪ್‌ಗೆ 22.5 ಕೋಟಿ ಯೂರೊ ದಂಡ ಹಾಕಿದ ಪ್ರಕರಣದಲ್ಲಿ ಯುರೋಪಿನ ದತ್ತಾಂಶ ಸಂರಕ್ಷಣಾ ಮಂಡಳಿ, ಬಳಕೆದಾರರಲ್ಲದವರ ಸಂಕೇತ ರೂಪದ ನಂಬರ್ ಕೂಡ ವೈಯಕ್ತಿಕ ಮಾಹಿತಿಯೇ ಎಂದಿತು.

ಖಾಸಗಿತನದ ಪರ ನಿಂತವರು ಹೇಳುವುದು: ಸರಪಳಿಯನ್ನು ಕಂಪನಿಯ ಕೈಗೆ ಕೊಡದೆಯೂ ಇದೇ ಕೆಲಸ ಮಾಡಬಹುದು. ವಾಟ್ಸಾಪ್‌ನಂಥದೇ ಸಿಗ್ನಲ್ ಆ್ಯಪ್, ಪಟ್ಟಿಯನ್ನು ತಾನೂ ನೋಡಲಾಗದ ರೀತಿಯಲ್ಲಿ ಹೊಂದಿಸಿ ನೋಡುವ ವ್ಯವಸ್ಥೆ ಮಾಡಿಕೊಂಡಿದೆ. 2024ರಿಂದ ನಂಬರ್ ತೋರಿಸದೆ ಯೂಸರ್‌ನೇಮ್ ಮೂಲಕ ಮಾತಾಡಲೂ ಬಿಟ್ಟಿದೆ. ಐಫೋನ್‌ನಲ್ಲಿ ಐಒಎಸ್ 18ರಿಂದ ಪೂರ್ತಿ ಪಟ್ಟಿ ಕೊಡದೆ ಆರಿಸಿದ ಕೆಲವರನ್ನು ಮಾತ್ರ ಆ್ಯಪ್‌ಗೆ ತೋರಿಸಬಹುದು.

ಮೂರನೆಯ ವಾದ ಪೊಲೀಸರದು, ಸರ್ಕಾರದ್ದು. ವಂಚಕರ ಜಾಲ ಹಿಡಿಯಬೇಕಾದರೆ ಯಾರು ಯಾರಿಗೆ ಫೋನ್ ಮಾಡಿದರು ಎಂಬುದು ಬೇಕೇ ಬೇಕು. ಒಪ್ಪುವ ಮಾತೇ. ಆದರೆ ಎಷ್ಟು ಹೆಜ್ಜೆಯವರೆಗೆ? 2013ರಲ್ಲಿ ಅಮೆರಿಕದ ಬೇಹು ಸಂಸ್ಥೆ ಎನ್‌ಎಸ್‌ಎ, ಶಂಕಿತನಿಂದ ಎರಡು ಅಥವಾ ಮೂರು ಹೆಜ್ಜೆಯವರೆಗೆ ಹೋಗುತ್ತೇವೆ ಎಂದು ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡಿತು. ನಮ್ಮ ಹಿಂದಿನ ಲೆಕ್ಕವನ್ನೇ ಹಿಡಿದರೆ ಮೂರನೇ ಹೆಜ್ಜೆಗೆ 10 ಲಕ್ಷ ಜನ. 2014ರ ಜನವರಿಯಲ್ಲಿ ಅಧ್ಯಕ್ಷ ಒಬಾಮ ಅದನ್ನು ಎರಡಕ್ಕೆ ಇಳಿಸಿದರು. ಒಂದು ಹೆಜ್ಜೆ ಕಡಿಮೆ ಮಾಡಿದ್ದರಿಂದ 10 ಲಕ್ಷ 10 ಸಾವಿರಕ್ಕೆ ಇಳಿಯಿತು. ಇಂಥ ಮಿತಿಯ ಬಗ್ಗೆ ನಮ್ಮಲ್ಲಿ ಚರ್ಚೆ ಶುರುವಾಗಬೇಕಿದೆ. ಶುರುವಿನಲ್ಲಿ ಹೇಳಿದ 2023ರ ದತ್ತಾಂಶ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸರ್ಕಾರ ತಾನು ಹೆಸರಿಸಿದ ತನ್ನ ಸಂಸ್ಥೆಗಳಿಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು.

ಕಾಯ್ದೆಯಲ್ಲಿ ಸರೋಜಮ್ಮನಿಗೆ ಜಾಗ ಎಲ್ಲಿ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಕಾಯ್ದೆಗೆ ಬೇರು ಆ ತೀರ್ಪಿನಲ್ಲಿದೆ. ಕಾಯ್ದೆಯ ಮುಖ್ಯ ಭಾಗಗಳು ಜಾರಿಗೆ ಬರುವುದು ನಿಯಮಗಳು ಹೊರಟ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ದಂಡ 250 ಕೋಟಿ ರೂಪಾಯಿವರೆಗೂ ಇದೆ.

ಒಬ್ಬ ವ್ಯಕ್ತಿ ಸ್ವಂತ ಅಥವಾ ಮನೆ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅದು ಸರಿ. ಸರೋಜಮ್ಮನ ನಂಬರ್ ನಮ್ಮ ಫೋನಿನಲ್ಲಿದ್ದರೆ ತಪ್ಪೇನಿಲ್ಲ. ಅದು ಕಂಪನಿಯ ಸರ್ವರ್‌ಗೆ ಹೋದ ಮೇಲೆ ಕಾಯ್ದೆ ಅನ್ವಯಿಸಬೇಕು. ಒಪ್ಪಿಗೆ ಅಥವಾ ಕಾಯ್ದೆಯೇ ಹೇಳಿರುವ ಕೆಲವು ಕಾರಣಗಳು ಇಲ್ಲದೆ ಯಾರ ಮಾಹಿತಿಯನ್ನೂ ಬಳಸುವಂತಿಲ್ಲ ಎಂದು 4ನೇ ಸೆಕ್ಷನ್ ಹೇಳುತ್ತದೆ. ಸರೋಜಮ್ಮ ಒಪ್ಪಿಗೆ ಕೊಟ್ಟಿಲ್ಲ.

ಪರಿಚಯ ಒಂಥರಾ ಬ್ಯಾಂಕಿನ ಜಂಟಿ ಖಾತೆಯ ಹಾಗೆ. ಇಬ್ಬರದೂ ಹಕ್ಕಿದೆ, ಆದರೆ ಒಬ್ಬರ ಸಹಿಯಿಂದಲೇ ದುಡ್ಡು ತೆಗೆಯಬಹುದು. ಬ್ಯಾಂಕಿನಲ್ಲಾದರೆ ಇನ್ನೊಬ್ಬರು ಪಾಸ್‌ಬುಕ್ ನೋಡಿ, ‘ಇದು ಯಾಕೆ ಹೋಯಿತು?’ ಎಂದು ಕೇಳಬಹುದು. ಈ ಕಾಯ್ದೆಯಲ್ಲಿ ಹಾಗೆ ಕೇಳುವ ಹಕ್ಕು ಯಾರಿಗಿದೆ ನೋಡಿ. ‘ನನ್ನ ಯಾವ ಮಾಹಿತಿ ನಿಮ್ಮಲ್ಲಿದೆ?’ ಎಂದು ಕೇಳುವ ಹಕ್ಕು 11ನೇ ಸೆಕ್ಷನ್‌ನಲ್ಲಿದೆ. ‘ಅಳಿಸಿ’ ಎನ್ನುವ ಹಕ್ಕು 12ರಲ್ಲಿದೆ. ಎರಡನ್ನೂ ಬರೆದಿರುವುದು ಆ ಕಂಪನಿಗೆ ಮೊದಲು ಒಪ್ಪಿಗೆ ಕೊಟ್ಟವರಿಗಾಗಿ. ಒಪ್ಪಿಗೆಯನ್ನೇ ಕೊಡದವರು, ಅಂದರೆ ಹೆಚ್ಚು ಅನ್ಯಾಯ ಆದವರು, ಈ ಎರಡು ಬಾಗಿಲಿನ ಹೊರಗೆ ಉಳಿಯುತ್ತಾರೆ. ಒಪ್ಪಿಗೆ ಕೊಟ್ಟು ಬಳಸುತ್ತಿರುವ ನಮಗೆ ಇರುವ ಹಕ್ಕು, ಏನೂ ಒತ್ತದ ಆಕೆಗೆ ಇಲ್ಲ.

ಇದನ್ನು ನಿಯಮಗಳಿಂದ ಸರಿಮಾಡಲು ಬರುವುದಿಲ್ಲ. ಸೆಕ್ಷನ್‌ಗಳ ಪದಗಳನ್ನೇ ತಿದ್ದಬೇಕು, ಅದು ಸಂಸತ್ತಿನ ಕೆಲಸ. ತಿದ್ದದಿದ್ದರೆ ಉಳಿಯುವ ದಾರಿ 13ನೇ ಸೆಕ್ಷನ್‌ನ ದೂರು. ಕಂಪನಿ ತನ್ನ ಮಾಹಿತಿಯ ವಿಷಯದಲ್ಲಿ ಕರ್ತವ್ಯ ಪಾಲಿಸಿಲ್ಲ ಎಂದು ಮೊದಲು ಕಂಪನಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಈ ಕಾಯ್ದೆಯಡಿಯ ಭಾರತದ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬಹುದು. ಅದಕ್ಕೆ ತನ್ನ ನಂಬರ್ ಅವರಲ್ಲಿದೆ ಎಂಬುದು ಮೊದಲು ಗೊತ್ತಾಗಬೇಕು. ಅದನ್ನು ಕೇಳುವ ಹಕ್ಕೇ 11ರಲ್ಲಿ ಸಿಗದೆ ಹೋಗಿದೆ.

ಹೀಗಾಗಿ ಮಂಡಳಿಯ ಮುಂದೆ ಈ ಪ್ರಶ್ನೆಯನ್ನು ಮೊದಲು ತರುವವರು ದೊಡ್ಡ ಕಂಪನಿಗಳ ಬಳಕೆದಾರರಲ್ಲ, ಸಾಲದ ಆ್ಯಪ್‌ಗಳಿಂದ ಕರೆ ಬಂದವರು ಎಂದು ನನಗೆ ಅನಿಸುತ್ತದೆ. ಅವರಿಗೆ ಮಾತ್ರ ತಮ್ಮ ನಂಬರ್ ಎಲ್ಲಿಗೆ ಹೋಗಿದೆ ಎಂಬುದು ಆ ಕರೆಯಿಂದಲೇ ಗೊತ್ತಾಗಿರುತ್ತದೆ. ಕರೆ ಬಂದ ದಿನಾಂಕ, ಸಮಯ, ನಂಬರ್, ಮೆಸೇಜಿನ ಸ್ಕ್ರೀನ್‌ಶಾಟ್ ಇವನ್ನು ಎತ್ತಿಟ್ಟುಕೊಳ್ಳುವುದು, ಬೆದರಿಕೆ ಇದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಅಥವಾ ಹತ್ತಿರದ ಠಾಣೆಗೆ ತಿಳಿಸುವುದು ಇವತ್ತೇ ಮಾಡಬಹುದಾದ ಕೆಲಸ. 2027ರ ಮೇ ನಂತರ ದೂರಿಗೆ ಬೇಕಾಗುವ ಸಾಕ್ಷ್ಯವೂ ಇದೇ. ಇನ್ನು ಆ್ಯಪ್ ಕಾಂಟ್ಯಾಕ್ಟ್ ಅನುಮತಿ ಕೇಳಿದಾಗ ಬೇಡ ಎಂದು ಒತ್ತಿದರೂ ಬಹಳಷ್ಟು ಆ್ಯಪ್‌ಗಳು ಕೆಲಸ ಮಾಡುತ್ತವೆ. ಈಗಾಗಲೇ ಕೊಟ್ಟಿದ್ದರೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ವಾಪಸ್ ತೆಗೆದುಕೊಳ್ಳಬಹುದು. ಅದಕ್ಕೂ ಮೊದಲು ಸರ್ವರ್‌ಗೆ ಹೋದ ಪಟ್ಟಿ ತಾನಾಗಿ ಅಳಿಯುವುದಿಲ್ಲ. ಅದನ್ನು ಅಳಿಸಿ ಎಂದು ಆ್ಯಪ್‌ನವರನ್ನು ಬೇರೆಯಾಗಿ ಕೇಳಬೇಕು. ಒಪ್ಪಿಗೆ ಕೊಟ್ಟವರು ನಾವಾದ್ದರಿಂದ ಸರೋಜಮ್ಮನ ಪರವಾಗಿ ಹಾಗೆ ಕೇಳಲು ಸದ್ಯಕ್ಕೆ ಆಗುವುದೂ ನಮ್ಮಿಂದಲೇ.